ಅಪ್ಪನ ಎಡಗಾಲಿನ ಕೆಲಸ

ಕಳೆದ ಕಾರ್ತೀಕದಲ್ಲಿ ಅಪ್ಪ ತೆಂಗಿನ ತೋಟದ ಬದುವಿನ ಮೇಲೆ ಜಾರಿಬಿದ್ದು ಬಲಗಾಲು ಮುರಿದುಕೊಂಡರು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್, ಆರು ವಾರ. ತಿಪಟೂರಿನ ನಮ್ಮ ಮನೆಯಲ್ಲಿ ಅವರು ಹಗಲು ಹೊತ್ತು ಕೂತದ್ದನ್ನು ಕಂಡವರಿಲ್ಲ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದರೂ ದಿನಾ ತೋಟ ಸುತ್ತಿ, ಖಾಲಿ ಹೊಟ್ಟೆಯ ಶುಗರ್ 130ರ ಆಸುಪಾಸಿನಲ್ಲೇ ಇಟ್ಟುಕೊಂಡಿದ್ದವರು. ಎರಡನೇ ವಾರಕ್ಕೆ ಅದು 180 ದಾಟಿತು. ಊಟ ಅದೇ, ಮಾತ್ರೆ ಅದೇ.

"ಕಾಲು ಮುರಿದರೆ ಸಕ್ಕರೆ ಯಾಕವ್ವ ಏರಬೇಕು?" ಅಂದರು.

ನೋವು, ನಿದ್ದೆಗೇಡು ಕೂಡ ಶುಗರ್ ಏರಿಸುತ್ತವೆ. ಆದರೆ ಅಷ್ಟು ಹೇಳಿ ಸುಮ್ಮನಿರಲು ನನಗೆ ಮನಸ್ಸಾಗಲಿಲ್ಲ. ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು ನಾನು. ರಜೆಯಲ್ಲಿ ಕೂತು ಓದಿದೆ.

ಓದಿದಷ್ಟೂ ಮತ್ತೆ ಮತ್ತೆ ಎದುರಾದದ್ದು ಒಂಟಿ ಕಾಲಿನ ಪ್ರಯೋಗಗಳೇ. 2000ರಲ್ಲಿ ಕೋಪನ್‌ಹೇಗನ್‌ನ ಸಂಶೋಧಕರು ಆರು ಜನರನ್ನು ಕೂರಿಸಿ, ಒಂದೇ ಕಾಲಿನ ಮಂಡಿಯನ್ನು ಐದು ಗಂಟೆ ಮಡಚಿ ಚಾಚಿಸಿದರು. ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನು 19 ಪಟ್ಟು ಏರಿತು. ಅದು ಬಂದದ್ದು ದುಡಿದ ಕಾಲಿನಿಂದ, ಸುಮ್ಮನಿದ್ದ ಕಾಲಿನಿಂದಲ್ಲ. ಅಲ್ಲಿನ ಬೆಂಟೆ ಕ್ಲಾರ್ಲುಂಡ್ ಪೆಡರ್ಸನ್ ಅವರ ತಂಡ 2003ರಲ್ಲಿ ಇಂಥ ಪ್ರೋಟೀನುಗಳಿಗೆ ಮಯೋಕೈನ್ ಎಂದು ಹೆಸರಿಟ್ಟಿತು. ಭಾರ ಎತ್ತುವುದಷ್ಟೇ ಅಲ್ಲ, ಗ್ರಂಥಿಯ ಹಾಗೆ ಬೇರೆ ಅಂಗಗಳಿಗೆ ಸುದ್ದಿ ಕಳಿಸುವುದೂ ಸ್ನಾಯುವಿನ ಕೆಲಸ. ಓದಿ ಮೈ ಜುಮ್ಮೆಂದಿತು.

ಇದೇ ಇಂಟರ್‌ಲ್ಯೂಕಿನ್-6 ಬೊಜ್ಜು, ಸಕ್ಕರೆ ಕಾಯಿಲೆ ಇರುವವರಲ್ಲಿ ಸದಾ ತುಸು ಹೆಚ್ಚಿರುತ್ತದೆ, ಉರಿಯೂತದ ಗುರುತಾಗಿ. ಹಾಗಾದರೆ ಒಳ್ಳೆಯದೋ ಕೆಟ್ಟದೋ? ಅಪ್ಪನಿಗೆ ಮಳೆಯ ಲೆಕ್ಕದಲ್ಲಿ ಹೇಳಿದೆ: ಹದ ಮಳೆ ಬಂದು ನಿಂತರೆ ಬೆಳೆಗೆ ಒಳ್ಳೆಯದು, ತಿಂಗಳುಗಟ್ಟಲೆ ಜಡಿ ಹಿಡಿದರೆ ಬೇರು ಕೊಳೆಯುತ್ತದೆ. ವ್ಯಾಯಾಮದಲ್ಲಿ ಅದು ಏರುತ್ತದೆ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. 2006ರಲ್ಲಿ ಆರೋಗ್ಯವಂತರಿಗೆ ಇದನ್ನು ರಕ್ತನಾಳದ ಮೂಲಕ ಕೊಟ್ಟಾಗ ಇನ್ಸುಲಿನ್ ಮಾತಿಗೆ ದೇಹ ಹೆಚ್ಚು ಸಕ್ಕರೆ ಎಳೆದುಕೊಂಡಿತು. 2019ರ ಅಧ್ಯಯನ ಇನ್ನೂ ಸ್ಪಷ್ಟ: ಹೊಟ್ಟೆ ಬೊಜ್ಜಿನವರು 12 ವಾರ ಸೈಕಲ್ ತುಳಿದಾಗ ಒಳಗಿನ ಕೊಬ್ಬು ಕರಗಿತು, ಈ ಪ್ರೋಟೀನಿನ ಸುದ್ದಿ ತಲುಪದಂತೆ ತಡೆಯುವ ಟೊಸಿಲಿಜುಮಾಬ್ ಔಷಧಿ ಪಡೆದವರಲ್ಲಿ, ಅಷ್ಟೇ ತುಳಿದರೂ, ಕರಗಲಿಲ್ಲ. ಇನ್ಸುಲಿನ್ ಮಾತು ಕೇಳಿಸದಂತೆ ಮಾಡುವುದರಲ್ಲಿ ಆ ಕೊಬ್ಬಿನದು ದೊಡ್ಡ ಪಾಲು.

ಹಾಗಾದರೆ ಎಡಗಾಲು ದುಡಿದರೆ ಬಲಗಾಲಿಗೂ ಲಾಭವೇ? ಸುದ್ದಿ ರಕ್ತದಲ್ಲಿ ಎಲ್ಲ ಕಡೆ ಹರಿಯುತ್ತದಲ್ಲ! ಇಲ್ಲಿ ನಾನು ತಪ್ಪು ಊಹಿಸಿದ್ದೆ. ಕೋಪನ್‌ಹೇಗನ್‌ನವರೇ ಆದ ಎರಿಕ್ ರಿಕ್ಟರ್ ಮತ್ತು ಜೊತೆಯವರು 1989ರಲ್ಲೇ ಅಳೆದಿದ್ದರು. ಒಂದು ಕಾಲಿಗೆ ವ್ಯಾಯಾಮ ಕೊಟ್ಟು ಕೆಲವು ಗಂಟೆ ಬಿಟ್ಟು ನೋಡಿದರೆ, ಇನ್ಸುಲಿನ್‌ಗೆ ಹೆಚ್ಚು ಓಗೊಟ್ಟದ್ದು ದುಡಿದ ಕಾಲೇ. ಒಂದು ಕಾಲನ್ನು ಏಳು ದಿನ ಅಲುಗಾಡದಂತೆ ಕಟ್ಟಿಟ್ಟಾಗ, ಆ ತೊಡೆ ಸಕ್ಕರೆ ಎಳೆದುಕೊಳ್ಳುವುದು ಕಡಿಮೆಯಾಯಿತು. ಸಕ್ಕರೆ ಒಳಬಿಡುವ ಗ್ಲುಟ್-4 ಬಾಗಿಲುಗಳನ್ನು ಸ್ನಾಯುಕೋಶದ ಹೊರಪದರಕ್ಕೆ ಇನ್ಸುಲಿನ್ ತರುತ್ತದೆ; ಸ್ನಾಯು ಸಂಕುಚಿಸಿದರೂ ಅವು ಬರುತ್ತವೆ, ಆದರೆ ದುಡಿದ ಆ ಸ್ನಾಯುವಿನಲ್ಲಿ ಮಾತ್ರ. ಹೀಗೆ ದುಡಿದು ತೆಗೆಯುವುದಕ್ಕೆ ಇನ್ಸುಲಿನ್ ಕೂಡ ಬೇಕಿಲ್ಲ. ಸುದ್ದಿ ದೂರ ಹೋಗುತ್ತದೆ, ಬಾಗಿಲು ಮಾತ್ರ ಅವರವರೇ ತೆಗೆಯಬೇಕು.

ಫಿಸಿಯೋಥೆರಪಿಯವರು ಹೇಳಿಕೊಟ್ಟಂತೆ ಅಮ್ಮ ಒಂದು ಕೆಜಿ ರಾಗಿಯನ್ನು ಹಳೇ ಟವೆಲಿನಲ್ಲಿ ಸುತ್ತಿ ಎಡಗಾಲಿನ ಹರಡಿಗೆ ಕಟ್ಟಿದರು. ಕುರ್ಚಿಯಲ್ಲಿ ಕೂತು ಹದಿನೈದು ಸಲ ಚಾಚುವುದು, ಉಸಿರು ತಗೊಂಡು ಮತ್ತೆ ಹದಿನೈದು, ಮೂರು ಹೊತ್ತೂ ಊಟವಾದ ಮೇಲೆ. ಕೈಗಳಿಗೆ ನೀರು ತುಂಬಿದ ಬಾಟಲಿ. ಪ್ಲಾಸ್ಟರ್ ಒಳಗೇ ಬಲದೊಡೆಯನ್ನು ಬಿಗಿ ಹಿಡಿದು ಸಡಿಲ ಬಿಡುವುದು; ಅಪ್ಪನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಆರನೇ ವಾರಕ್ಕೆ ಶುಗರ್ 150ರ ಹತ್ತಿರ ಬಂತು. ಅಷ್ಟರಲ್ಲಿ ನೋವೂ ಇಳಿದಿತ್ತು, ಹಾಗಾಗಿ ಪೂರ್ತಿ ಶ್ರೇಯಸ್ಸನ್ನು ರಾಗಿಗೆ ಕೊಡಲಾರೆ.

ಪ್ಲಾಸ್ಟರ್ ಬಿಚ್ಚಿದ ದಿನ ಟೇಪು ಹಿಡಿದು ನೋಡಿದೆ: ಬಲದೊಡೆ ಎಡದಕ್ಕಿಂತ ಮೂರು ಸೆಂಟಿಮೀಟರ್ ಸಣ್ಣ. ಈಗ ರಾಗಿ ಗಂಟು ಆ ಕಾಲಿಗೆ ಬಂದಿದೆ. ಅರ್ಧ ಕೆಜಿಯಿಂದ ಶುರು.