ಶಾಲೆ ಗೇಟಿನ ಎದುರಿನ ಫ್ರಿಜ್ ಯಾರದ್ದು?

ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿ ಮಾರುವಂತಿಲ್ಲ. ಇದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರಲ್ಲೇ ಹೊರಡಿಸಿದ ನಿಯಮ. ಮಾರುವುದಷ್ಟೇ ಅಲ್ಲ, ಅಲ್ಲಿ ಅಂಥ ತಿಂಡಿಯ ಜಾಹೀರಾತು ಹಾಕುವುದೂ ತಪ್ಪು. ನಮ್ಮ ಕುಮಟಾದಲ್ಲಿ ಹೀಗೊಂದು ನಿಯಮ ಇದೆ ಅಂತ ಹೇಳಿದರೆ ಜನ ನನ್ನ ಮುಖ ನೋಡುತ್ತಾರೆ.

ಮಗಳ ಶಾಲೆಯಿಂದ ರಸ್ತೆ ದಾಟಿದರೆ ಒಂದು ಗೂಡಂಗಡಿ. ಐದು ರೂಪಾಯಿ ಪ್ಯಾಕೆಟ್‌ಗಳ ಸರ ಬಾಗಿಲಲ್ಲೇ ನೇತಾಡುತ್ತದೆ, ಎರಡನೇ ಕ್ಲಾಸಿನ ಮಗುವಿನ ಕೈಗೆ ಸರಿಯಾಗಿ ಸಿಗುವ ಎತ್ತರಕ್ಕೆ. ಪಕ್ಕದಲ್ಲಿ ಗಾಜಿನ ಬಾಗಿಲಿನ ಫ್ರಿಜ್, ಒಳಗೆ ಲೈಟು, ತುಂಬಾ ಬಣ್ಣದ ಬಾಟಲಿ. "ಅಕ್ಕಾ, ಇದರಲ್ಲಿ ಮಜ್ಜಿಗೆ ಇಡಬಹುದಲ್ಲ?" ಅಂದೆ. "ಫ್ರಿಜ್ ಕಂಪನಿಯವ್ರದ್ದು ತಮಾ, ಬೇರೆ ಏನಾದ್ರೂ ಇಟ್ರೆ ವಾಪಸ್ ತಕಂಡು ಹೋಗ್ತಾರೆ" ಅಂದರು.

ನನಗೆ ಅಲ್ಲೇ ಅನ್ನಿಸಿದ್ದು, ನಾವು ಸುಮ್ನೆ ತಾಯಂದಿರನ್ನೂ ಮಕ್ಕಳನ್ನೂ ಬೈಯುತ್ತಿದ್ದೇವೆ ಅಂತ. ಊರಲ್ಲಿ ಎಳನೀರಿದೆ, ಮಜ್ಜಿಗೆ ಇದೆ, ಮುರುಗಲು ಇದೆ (ಶರಬತ್ತಿಗೆ ಸಕ್ಕರೆ ಸುರಿದರೆ ಅದೂ ಅಷ್ಟೇ, ಉಪ್ಪು ಜೀರಿಗೆ ಹಾಕಿದ್ದು ಬೇರೆ ಮಾತು). ಆದರೆ ಬಿಸಿಲಲ್ಲಿ ಬಂದ ಮಗುವಿಗೆ ತಣ್ಣಗೆ ಸಿಗುವುದು ಒಂದೇ. 100 ಮಿಲಿಗೆ 11 ಗ್ರಾಂ ಸಕ್ಕರೆ ಇರುವ ಪಾನೀಯ ಅಂತಿಟ್ಟುಕೊಳ್ಳಿ. 250 ಮಿಲಿ ಬಾಟಲಿ ಖಾಲಿ ಮಾಡಿದರೆ 27 ಗ್ರಾಂ ಮೇಲೆ ಹೋಯಿತು. ದೊಡ್ಡವರಿಗೇ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಈ ಲೆಕ್ಕ ಬಾಟಲಿಯ ಹಿಂದೆ ಇರುತ್ತದೆ, ಇರುವೆ ಗಾತ್ರದ ಇಂಗ್ಲಿಷಿನಲ್ಲಿ. ಚಿಲಿ ದೇಶ 2016ರಿಂದ ಪ್ಯಾಕೆಟ್ಟಿನ ಮುಂಭಾಗದಲ್ಲೇ ಕಪ್ಪು ಎಂಟುಮೂಲೆಯ ಗುರುತು ಹಾಕಿಸುತ್ತಿದೆ: ಸಕ್ಕರೆ ಜಾಸ್ತಿ, ಉಪ್ಪು ಜಾಸ್ತಿ. ಆ ಗುರುತಿದ್ದದ್ದನ್ನು ಅಲ್ಲಿಯ ಶಾಲೆಗಳಲ್ಲಿ ಮಾರುವಂತಿಲ್ಲ. ನಮ್ಮಲ್ಲಿ ಎಫ್‌ಎಸ್‌ಎಸ್‌ಎಐನ 2022ರ ಕರಡು ನಿಯಮದಲ್ಲಿ ಬಂದದ್ದು ಪ್ಯಾಕೆಟ್ಟಿಗೆ ನಕ್ಷತ್ರ ಕೊಡುವ ಯೋಚನೆ, ತಿಂಡಿ ಒಳ್ಳೆಯದಿದ್ದಷ್ಟೂ ನಕ್ಷತ್ರ ಜಾಸ್ತಿ. ಚಿಪ್ಸಿಗೆ ಒಂದೂವರೆ ನಕ್ಷತ್ರ ಕೊಟ್ಟರೆ ಅಜ್ಜಿಗೆ ಏನು ಗೊತ್ತಾಗಬೇಕು? ಅದೂ ಒಂದು ಬಹುಮಾನದ ಹಾಗೇ ಕಾಣುತ್ತದೆ ಅಲ್ವಾ. ನನಗೆ ಬೇಕಾದದ್ದು ಎಚ್ಚರಿಕೆ, ಅದೂ ಕನ್ನಡದಲ್ಲಿ.

ತೆರಿಗೆಯದ್ದೂ ಹಾಗೇ. 2025ರ ಸೆಪ್ಟೆಂಬರ್ 22ರಿಂದ ಗ್ಯಾಸ್ ತುಂಬಿದ ಸಿಹಿ ಪಾನೀಯಕ್ಕೆ ಜಿಎಸ್‌ಟಿ ಶೇ 40, ಬಿಸ್ಕತ್ತು ಚಾಕಲೇಟಿಗೆ ಮಾತ್ರ ಶೇ 18 ಇದ್ದದ್ದು 5ಕ್ಕೆ ಇಳಿಯಿತು. ಬ್ರಿಟನ್ನಿನಲ್ಲಿ 2018ರಿಂದ ಪಾನೀಯದಲ್ಲಿ ಸಕ್ಕರೆ ಎಷ್ಟಿದೆ ನೋಡಿ ತೆರಿಗೆ ಹಾಕುತ್ತಾರೆ, ಹಾಗಾಗಿ ಕಂಪನಿಗಳೇ ಸಕ್ಕರೆ ಕಡಿಮೆ ಮಾಡಿದವು.

ದೆಹಲಿಯ ಕೆಲಸ ದೆಹಲಿಗೆ. ನಮ್ಮ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ನಾನು ಕೇಳುವುದು ಎರಡೇ. ಗೇಟಿನಲ್ಲಿ ಆ 50 ಮೀಟರ್ ನಿಯಮದ ಬೋರ್ಡು. ಮತ್ತೆ, ನಾವು ಪಾಲಕರು ದುಡ್ಡು ಸೇರಿಸಿ ಅಕ್ಕನ ಅಂಗಡಿಗೆ ಯಾವ ಕಂಪನಿಯ ಹೆಸರೂ ಇಲ್ಲದ ಒಂದು ಸಣ್ಣ ಫ್ರಿಜ್. ಬರೀ ಬೋರ್ಡು ಹಾಕಿ ಅವರ ವ್ಯಾಪಾರ ಕಿತ್ತುಕೊಂಡರೆ ಅದನ್ನು ನಾನು ಒಪ್ಪುವುದಿಲ್ಲ.