ಮಡಕೆಯ ಮೇಲೆ ಇನ್ನೊಂದು ಕೈ
ಎರಡು ದಿನದಿಂದ ಹಳೆಯ ಗ್ರೀಕ್ ಮಡಕೆಗಳದೇ ಗುಂಗು. ಅಥೆನ್ಸಿನವರು 2500 ವರ್ಷದ ಹಿಂದೆ ಬಳಿದ ಆ ಹೊಳೆಯುವ ಕಪ್ಪು ನಿಜಕ್ಕೂ ಬಣ್ಣವಲ್ಲ, ನುಣ್ಣನೆಯ ಜೇಡಿಮಣ್ಣು. ಮಡಕೆ ಸುಡುವ ಗೂಡಿಗೆ ಗಾಳಿ ಬಿಟ್ಟು, ತಡೆದು, ಮತ್ತೆ ಬಿಟ್ಟು ಸುಟ್ಟಾಗ ಅದು ಕಪ್ಪಾಗಿ ಮಡಕೆಗೇ ಬೆಸೆದುಕೊಳ್ಳುತ್ತದೆ. ಬಣ್ಣ ಕರಗಿಸುವ ಅಸಿಟೋನ್ ದ್ರವದಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೂ ಬರುವುದಿಲ್ಲ. ಒಡೆದ ಜಾಗಕ್ಕೆ 19ನೇ ಶತಮಾನದ ದುರಸ್ತಿಗಾರರು ಪ್ಲಾಸ್ಟರ್ ತುಂಬಿ ಬಳಿದ ಬಣ್ಣ ಹಾಗಲ್ಲ, ಸಾಮಾನ್ಯವಾಗಿ ಹತ್ತಿಗೆ ಅಂಟಿ ಬಂದುಬಿಡುತ್ತದೆ. ಕತ್ತಲಲ್ಲಿ ನೇರಳಾತೀತ ಬೆಳಕು ಹಿಡಿದರೆ ಇನ್ನೂ ಚೆಂದ. ಹಳೆಯ ಕಪ್ಪು ಕಪ್ಪಗೇ ಇರುತ್ತದೆ, ತೇಪೆ ಹಾಕಿದ ಕಡೆ ಮಾತ್ರ ಬೇರೆಯೇ ಹೊಳಪು.

ಬೆತ್ತಲೆ ಚಿತ್ರಗಳನ್ನು ಮುಚ್ಚಲು ಬಣ್ಣ ಬಳಿದದ್ದೂ ಉಂಟು. ಅದನ್ನು ತೆಗೆಯಲೇಬೇಕು, ಅಲ್ವಾ? ಆದರೆ ಮಡಕೆಯ ಚಿತ್ರದಲ್ಲಿ ಮುರಿದುಹೋದ ಕುದುರೆಗೆ ಯಾರೋ ಅಕ್ಕರೆಯಿಂದ ಬರೆದ ಕಾಲು? ಅದನ್ನು ಒರೆಸಲು ನನಗಂತೂ ಕೈ ಬಾರದು.