ಖಾಲಿ ಬಸ್ಸಿನ ಭಾಗಾಕಾರ

ಇವತ್ತು ಮಧ್ಯಾಹ್ನ ಬಸ್ಸಿನಲ್ಲಿ ನಾನು, ಡ್ರೈವರ್, ಕಂಡಕ್ಟರ್. ಅಷ್ಟೇ.

ಇದೇ ಬಸ್ಸು ಬೆಳಗ್ಗೆ ಕಾಲಿಡಲು ಜಾಗವಿಲ್ಲದೆ ಓಡಿರುತ್ತದೆ. ಡೀಸೆಲ್ ಸ್ವಲ್ಪ ಜಾಸ್ತಿ ಕುಡಿದಿರಬಹುದು. ಆದರೆ ಹೊಗೆಯನ್ನು ತಲೆಗಿಷ್ಟು ಅಂತ ಹಂಚಿದರೆ ಬೆಳಗ್ಗೆ ಎಲ್ಲರಿಗೂ ಚೂರುಪಾರು. ಮಧ್ಯಾಹ್ನ ಪೂರ್ತಿ ನನ್ನ ಪಾಲಿಗೆ!

ನಗರಗಳ ಕಾರ್ಬನ್ ತೀವ್ರತೆ ಅನ್ನುವುದೂ ಇಂಥದೇ ಭಾಗಾಕಾರ. ಮೇಲೆ ಹೊಗೆ, ಕೆಳಗೆ ಜನಸಂಖ್ಯೆ ಅಥವಾ ಉತ್ಪಾದನೆಯ ಮೌಲ್ಯ. ಜಗತ್ತಿನ ಇಂಗಾಲದ ಹೊಗೆಯಲ್ಲಿ ಸುಮಾರು 70% ನಗರಗಳ ಲೆಕ್ಕಕ್ಕೇ ಬರುತ್ತದೆ, ಹಾಗಾಗಿ ಇದು ಸಣ್ಣ ಲೆಕ್ಕವೇನಲ್ಲ.

ಆದರೆ ಇದರಲ್ಲೊಂದು ಕಿತಾಪತಿ ಇದೆ. ಉತ್ಪಾದನೆ ಎರಡು ಪಟ್ಟಾಯಿತು, ಹೊಗೆ ಒಂದೂವರೆ ಪಟ್ಟಾಯಿತು ಅಂದುಕೊಳ್ಳಿ. ತೀವ್ರತೆ 25% ಇಳಿಯಿತು ಅಂತ ಚಪ್ಪಾಳೆ ತಟ್ಟಬಹುದು. ಆಕಾಶಕ್ಕೆ ಮಾತ್ರ ಹೋಗಿದ್ದು ಮೊದಲಿಗಿಂತ ಜಾಸ್ತಿ ಹೊಗೆ, ಅಲ್ವಾ? ನನಗಂತೂ ಒಟ್ಟು ಎಷ್ಟು ಅಂತ ಪಕ್ಕದಲ್ಲೇ ಬರೆಯದ ಯಾವ ಶೇಕಡಾವಾರಿನ ಮೇಲೂ ನಂಬಿಕೆಯಿಲ್ಲ.

ಭಾಗಾಕಾರದ ಮೇಲಿನ ಸಂಖ್ಯೆಯನ್ನೇ, ಅಂದರೆ ಹೊಗೆಯನ್ನೇ, ಇಳಿಸಲು ಹೊರಟವರೂ ಇದ್ದಾರೆ. ಸ್ವೀಡನ್ ರಾಜಧಾನಿ ಸ್ಟಾಕ್‌ಹೋಮ್ 2006ರಲ್ಲಿ ನಗರದ ಒಳಭಾಗಕ್ಕೆ ಬಂದುಹೋಗುವ ವಾಹನಗಳಿಗೆ ಶುಲ್ಕ ಹಾಕಿ ನೋಡಿತು. ಅದಕ್ಕೂ ಮೊದಲೇ ಹೆಚ್ಚುವರಿ ಬಸ್ಸುಗಳನ್ನು ಬಿಟ್ಟಿತ್ತು. (ಈ ಕ್ರಮ ಮುಖ್ಯ. ದಾರಿ ಕೊಡದೆ ಸುಮ್ನೆ ದುಡ್ಡು ಕಿತ್ತರೆ ಜನ ಬಿಡ್ತಾರಾ?) ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು 20% ಇಳಿದವು. ಶುರುವಿಗೆ ಮುಂಚೆ ವಿರೋಧ ಜೋರಾಗಿತ್ತು. ಪ್ರಯೋಗ ಮುಗಿದ ಮೇಲೆ ಮತಕ್ಕೆ ಹಾಕಿದರೆ, ನಗರದ ಹೆಚ್ಚಿನವರು ಇರಲಿ ಬಿಡಿ ಅಂದರು. 2007ರಲ್ಲಿ ಅದು ಕಾಯಂ ಆಯಿತು.